ಜಾಫ್ನಾಕ್ಕೆ ಹೋಗಬಹುದೇ?

ಪ್ರಶ್ನೆ (ನಿವೃತ್ತ ಶಿಕ್ಷಕ, ಬಂಗಾರಪೇಟೆ): ಮೇಡಂ, ಶ್ರೀಲಂಕಾದ ಜಾಫ್ನಾಕ್ಕೆ ಹೋಗಿ ನಲ್ಲೂರಿನ ಮುರುಗನ ದರ್ಶನ ಮಾಡಬೇಕೆಂದು ನಮ್ಮ ಮನೆಯವರ ಹರಕೆ. ಯುದ್ಧ ನಡೆದ ಊರಿಗೆ ಈ ವಯಸ್ಸಿನಲ್ಲಿ ಬೇಡವೆಂದು ಮಗನ ಹಟ. ಹೋಗಬಹುದೇ? ಇಬ್ಬರಿಗೂ ತಮಿಳು ಬರುತ್ತದೆ.

ಉತ್ತರ (ಪ್ರವಾಸ ಏರ್ಪಾಡು ಮಾಡುವವರು, ಕೋಲಾರ): ಧಾರಾಳವಾಗಿ ಹೋಗಿ ಬನ್ನಿ ಮೇಷ್ಟ್ರೇ. ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. 1990ರಲ್ಲಿ ನಿಂತುಹೋಗಿದ್ದ ಜಾಫ್ನಾ ರೈಲು 2014ರಲ್ಲಿ ಮತ್ತೆ ಊರು ಮುಟ್ಟಿತು. ಹಳಿ ಹಾಕಿಕೊಟ್ಟದ್ದು ನಮ್ಮ ದೇಶದ ರೈಲ್ವೆ ನಿರ್ಮಾಣ ಕಂಪನಿ ಇರ್ಕಾನ್. ನಲ್ಲೂರಿನಲ್ಲಿ ಗಂಡಸರು ಅಂಗಿ ಬಿಚ್ಚಿಯೇ ಒಳಗೆ ಹೋಗಬೇಕು, ಪಂಚೆ ಇಟ್ಟುಕೊಳ್ಳಿ.

ಒಂದು ಮಾತು ಮಾತ್ರ ಮರೆಯಬೇಡಿ. ನಮ್ಮ ಕಡೆ ಮೈನ್ಸ್ ಎಂದರೆ ಚಿನ್ನದ ಗಣಿ, ಅಲ್ಲಿ ನೆಲಬಾಂಬ್. ಜಾಫ್ನಾಕ್ಕೆ ಹೋಗುವ ದಾರಿಯ ಆನೆಯಿರವು (ಎಲಿಫೆಂಟ್ ಪಾಸ್) ಎಂಬ ಕಿರಿದಾದ ನೆಲಪಟ್ಟಿಯ ಹತ್ತಿರದ ಮುಹಮಾಲೈನಲ್ಲಿ ಅವನ್ನು ತೆಗೆಯುವ ಕೆಲಸ ಯುದ್ಧ ಮುಗಿದು ಎಷ್ಟೋ ವರ್ಷಗಳವರೆಗೆ ನಡೆಯಿತು. ಕೆಂಪು ಹಲಗೆಯ ಮೇಲೆ ತಲೆಬುರುಡೆ ಕಂಡರೆ ಆ ಕಡೆ ಕಾಲಿಡಬೇಡಿ. ಮೂತ್ರಕ್ಕೆಂದು ಪೊದೆ ಹುಡುಕಿಕೊಂಡು ಹೋಗುವ ನಮ್ಮ ಅಭ್ಯಾಸ ಅಲ್ಲಿ ಬೇಡ. ಸೇನೆಯ ಶಿಬಿರಗಳ ಫೋಟೊ ತೆಗೆಯಬೇಡಿ.

ಪ್ರಶ್ನೆ (ಇನ್ನೊಬ್ಬರು, ಮುಳಬಾಗಿಲು): ತಮಿಳು ಬರುವವರು ಯುದ್ಧದ ಬಗ್ಗೆ ಅಲ್ಲಿನ ಜನರನ್ನೇ ವಿಚಾರಿಸಬಹುದಲ್ಲವೇ?

ಉತ್ತರ: ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಭಾಷೆ ಬರುವವರಿಗೇ ಈ ಎಚ್ಚರ ಹೆಚ್ಚು ಬೇಕು. ನಾನು ಉಳಿದುಕೊಂಡಿದ್ದ ಮನೆಯ ಅಮ್ಮನನ್ನು ‘ಮಕ್ಕಳೆಷ್ಟು?’ ಎಂದು ಕೇಳಿಬಿಟ್ಟೆ. ನಮ್ಮೂರಿನಲ್ಲಿ ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಕೇಳುತ್ತೇವಲ್ಲ! ಆಕೆ ಏನೂ ಹೇಳದೆ ಲೋಟ ತೊಳೆಯಲು ಎದ್ದು ಹೋದರು. ಅದೇ ಕಡೆಯ ಕಿಳಿನೊಚ್ಚಿ ಊರಿನಲ್ಲಿ, ಯುದ್ಧದ ಕಾಲದಲ್ಲಿ ಕಾಣೆಯಾದವರ ತಾಯಂದಿರು ಮಕ್ಕಳ ಫೋಟೊ ಹಿಡಿದು 2017ರಲ್ಲಿ ಧರಣಿಗೆ ಕೂತರು ಎಂಬುದು ನನಗೆ ಗೊತ್ತಿತ್ತು, ಆದರೂ ನಾಲಿಗೆ ತಡೆಯಲಿಲ್ಲ. ಸೇನೆಯವರೆದುರಿಗಂತೂ ಈ ಮಾತು ಎತ್ತಲೇಬೇಡಿ.

ಜಾಫ್ನಾದ ಗ್ರಂಥಾಲಯ ನೋಡಿ. 1981ರಲ್ಲಿ 90,000ಕ್ಕೂ ಹೆಚ್ಚು ಪುಸ್ತಕಗಳೊಂದಿಗೆ ಸುಟ್ಟುಹೋಗಿ ಮತ್ತೆ ಎದ್ದ ಕಟ್ಟಡ. ಮೇಷ್ಟ್ರಿಗೆ ಅಲ್ಲಿಂದ ಏಳಲು ಮನಸ್ಸು ಬರಲಿಕ್ಕಿಲ್ಲ. ಅಂದ ಹಾಗೆ, ಅಲ್ಲಿ ‘ಹೌದು’ ಎನ್ನಲು ‘ಓಂ’ ಎನ್ನುತ್ತಾರೆ. ಮಂತ್ರ ಶುರುವಾಯಿತೆಂದು ಕೈ ಮುಗಿಯಬೇಡಿ!

ಶಿಕ್ಷಕ: ಮಗನಿಗೆ ಇದನ್ನೇ ಓದಿಸುತ್ತೇನೆ. ಮನೆಯವರ ಪಾಸ್‌ಪೋರ್ಟ್ ಅವಧಿ ಇನ್ನು ಐದೇ ತಿಂಗಳು ಇದೆ, ನಡೆಯುತ್ತದೆಯೇ?

ಉತ್ತರ: ನಡೆಯುವುದಿಲ್ಲ ಸಾರ್, ಆರು ತಿಂಗಳಾದರೂ ಇರಬೇಕು. ಮೊದಲು ನವೀಕರಿಸಿ, ಟಿಕೆಟ್ ಆಮೇಲೆ.