ಮರ ಸವರುವ ಕೆಲಸಕ್ಕೆ ಪ್ರಚಾರ ಮಾಡೋದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ಮೈಸೂರು, ಇಬ್ಬರ ತಂಡ

ನಮಸ್ಕಾರ. ನಾನು ಮತ್ತು ನನ್ನ ಅಕ್ಕನ ಮಗ, ಇಬ್ಬರೇ. ಎರಡು ವರ್ಷದಿಂದ ಮರ ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದೇವೆ. ಸೂರಿನ ಮೇಲೆ ಬಾಗಿದ ಕೊಂಬೆ ತೆಗೆಯೋದು, ಒಣಗಿದ ರೆಂಬೆ ಸವರೋದು, ಮಾವಿನ ಮರದ ರಸ ಹೀರಿ ಬೆಳೆಯುವ ಬಂದಳಿಕೆ ಗಿಡ ಬಿಡಿಸೋದು, ಬುಡಕ್ಕೆ ಮೆತ್ತಿದ ಸಿಮೆಂಟ್ ಒಡೆದು ಮಣ್ಣು ತುಂಬೋದು. ಹಗ್ಗ, ಬೆಲ್ಟ್, ಹೆಲ್ಮೆಟ್, ಒಂದು ಸಣ್ಣ ಮಷಿನ್ ಗರಗಸ ಇದೆ. ಮಳೆಗಾಲಕ್ಕೆ ಮುಂಚೆ ಪುರುಸೊತ್ತಿಲ್ಲ, ಆಮೇಲೆ ಕೈ ಖಾಲಿ. ಪ್ರಿಂಟಿಂಗ್ ಅಂಗಡಿಯವರು "ಇನ್ನೂರು ಸಣ್ಣ ಬೋರ್ಡ್ ಮಾಡಿಸಿ, ರಸ್ತೆ ಮರಗಳಿಗೆಲ್ಲ ಹೊಡೀರಿ" ಅಂದರು. ಮುಜುಗರಕ್ಕೆ ಇಲ್ಲ ಅನ್ನಲಾಗದೆ ಅಡ್ವಾನ್ಸ್ ಕೂಡ ಕೊಟ್ಟೆ. ಗೆಳೆಯನೊಬ್ಬ "ಗಾಳಿಮಳೆ ಬಂದ ಮಾರನೇ ದಿನ ಮನೆಮನೆಗೆ ಹೋಗಿ ನಿಮ್ಮ ಮರ ಬೀಳುತ್ತೆ ಅಂತ ಹೇಳು, ಕೆಲಸ ಗ್ಯಾರಂಟಿ" ಅನ್ನುತ್ತಾನೆ. ಎರಡೂ ಮನಸ್ಸಿಗೆ ಬರುತ್ತಿಲ್ಲ. ಸುಳ್ಳು ಹೇಳದೆ, ಹೆದರಿಸದೆ, ನಾವು ಇದ್ದೇವೆ ಅಂತ ಜನಕ್ಕೆ ತಿಳಿಸೋದು ಹೇಗೆ?

ಶಿವಮೊಗ್ಗದಿಂದ, ಹನ್ನೊಂದು ವರ್ಷದಿಂದ ಇದೇ ಕೆಲಸ

ಮೊದಲು ಆ ಬೋರ್ಡ್ ವಿಷಯ ಮುಗಿಸಿಬಿಡೋಣ. ಅಡ್ವಾನ್ಸ್ ಹೋದರೆ ಹೋಗಲಿ, ಹೊಡೆಯಬೇಡಿ. ಕರ್ನಾಟಕದಲ್ಲಿ ತೆರೆದ ಸ್ಥಳಗಳ ಅಂದ ಕೆಡಿಸುವುದನ್ನು ತಡೆಯಲು 1981ರದೇ ಒಂದು ಕಾಯ್ದೆ ಇದೆ. ಗೋಡೆ, ಕಂಬ ಮಾತ್ರವಲ್ಲ, ಮರವೂ ಅದರೊಳಗೆ ಬರುತ್ತದೆ. ಕಾಯ್ದೆ ಪಕ್ಕಕ್ಕಿಡಿ, ನಮ್ಮ ಸ್ವಾರ್ಥವನ್ನೇ ನೋಡಿ. ಇವತ್ತು ಹೊಡೆದ ಮೊಳೆಯನ್ನು ಮರ ಹತ್ತು ವರ್ಷದಲ್ಲಿ ನುಂಗಿಕೊಂಡಿರುತ್ತದೆ. ಹೊರಗೆ ಏನೂ ಕಾಣಲ್ಲ. ಗರಗಸ ಇಟ್ಟ ದಿನ ಚೈನಿನ ಹಲ್ಲು ಹಾರುತ್ತದೆ. ನನ್ನ ಮೂರು ಚೈನು ಹೀಗೆ ಹೋಗಿವೆ. ಒಂದರಲ್ಲಿ ಸಿಕ್ಕಿದ್ದು ಯಾವುದೋ ಟ್ಯೂಷನ್ ಬೋರ್ಡಿನ ಮೊಳೆ, ತಗಡಿನ ಚೂರು ಸಮೇತ.

ಇನ್ನು ಗಾಳಿಮಳೆಯ ಮಾರನೇ ದಿನ. ಆ ತಪ್ಪು ನಾನು ಮಾಡಿದ್ದೇನೆ. ಕೆಲಸ ಶುರುಮಾಡಿದ ಎರಡನೇ ವರ್ಷ, ಮೇ ತಿಂಗಳು. ರಾತ್ರಿಯಿಡೀ ಗಾಳಿ. ಬೆಳಿಗ್ಗೆ ಒಂದು ಬಡಾವಣೆಗೆ ಹೋದೆ. ನಿವೃತ್ತ ಟೀಚರ್ ಒಬ್ಬರ ಮನೆ, ಹಿತ್ತಲಲ್ಲಿ ಮಾವಿನ ಮರ. ಸ್ವಲ್ಪ ವಾಲಿತ್ತು, ನಿಜ. ಆದರೆ ಬಹಳ ವರ್ಷದಿಂದ ಹಾಗೇ ವಾಲಿಕೊಂಡು ನಿಂತಿದ್ದ ಮರ. ಬುಡದಲ್ಲಿ ಮಣ್ಣು ಬಿರಿದಿರಲಿಲ್ಲ, ಬೇರು ಎದ್ದಿರಲಿಲ್ಲ. ನಾನು ಅದನ್ನು ನೋಡಿದೆ, ನೋಡಿಯೂ "ಮೇಡಂ, ಇದು ಈ ಮಳೆಗಾಲ ದಾಟಲ್ಲ" ಅಂದೆ. ಅವರು ಮುಖ ಸಣ್ಣ ಮಾಡಿಕೊಂಡು ಒಳಗೆ ಹೋಗಿ ದುಡ್ಡು ತಂದರು. ಮರದ ತಲೆಯನ್ನು ಅರ್ಧಕ್ಕೆ ಕಡಿದೆ. ಮರುವರ್ಷ ಅವರೇ ಕರೆದು ತೋರಿಸಿದರು. ಕಡಿದ ಕಡೆಯಲ್ಲೆಲ್ಲ ಪೊರಕೆ ಕಡ್ಡಿಯ ಹಾಗೆ ನೂರು ಚಿಗುರು. ಒಂದು ಕಾಯಿಲ್ಲ. "ಹಣ್ಣೂ ಹೋಯ್ತು, ನೆರಳೂ ಹೋಯ್ತು ಕಣಪ್ಪಾ" ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಆ ರಸ್ತೆಯಲ್ಲಿ ಆಮೇಲೆ ಮೂರು ವರ್ಷ ಯಾರೂ ನನ್ನನ್ನು ಕರೆಯಲಿಲ್ಲ.

ಅದಾದ ಮೇಲೆ ಪಾಂಪ್ಲೆಟ್ ಬದಲಿಸಿದೆ. ಮುಂದೆ ಏನು ಮಾಡುತ್ತೇವೆ ಅನ್ನೋದು. ಹಿಂದೆ ಏನು ಮಾಡಲ್ಲ ಅನ್ನೋದು. "ಮರದ ತಲೆ ಕಡಿಯುವುದಿಲ್ಲ. ಗೂಡಿರುವ ಕೊಂಬೆ ಮುಟ್ಟುವುದಿಲ್ಲ, ಮರಿ ಹಾರಿದ ಮೇಲೆ ಬರುತ್ತೇವೆ. ಪರ್ಮಿಷನ್ ಬೇಕಾದ ಮರವನ್ನು ಪರ್ಮಿಷನ್ ಇಲ್ಲದೆ ತೆಗೆಯುವುದಿಲ್ಲ. ಸೌದೆ ನಿಮ್ಮದು." ನನಗೆ ಫೋನ್ ಮಾಡುವವರಲ್ಲಿ ಜಾಸ್ತಿ ಜನ ಮಾತಾಡುವುದು ಈ ಹಿಂದಿನ ಪುಟದ ಬಗ್ಗೆ.

ಕೊನೆಯ ಸಾಲು ಸಣ್ಣದಾಗಿ ಕಾಣುತ್ತದೆ, ಅದೇ ದೊಡ್ಡದು. ನಮ್ಮ ಕಡೆ "ಫ್ರೀಯಾಗಿ ಮರ ತೆಗೆದುಕೊಡಲಾಗುವುದು" ಅಂತ ಪ್ರಚಾರ ಮಾಡುವವರಿದ್ದಾರೆ. ಫ್ರೀ ಯಾಕೆ? ತೇಗ, ಹಲಸು, ಹೊನ್ನೆ ಆದರೆ ನಾಟಾ ಬೆಲೆ ಕೂಲಿಗಿಂತ ಎಷ್ಟೋ ಪಾಲು ಜಾಸ್ತಿ. ಮರದ ದುಡ್ಡು ಮರ ಕಡಿಯುವವನಿಗೇ ಸಿಗುವುದಾದರೆ ಅವನ ಕಣ್ಣಿಗೆ ಯಾವ ಮರವೂ ಗಟ್ಟಿ ಕಾಣಲ್ಲ. ಕೂಲಿ ಇಷ್ಟು, ಸೌದೆ ನಿಮ್ಮದು ಅಂತ ಬರೆದರೆ, ಉಳಿಸಿ ಅಂತ ನೀವು ಹೇಳುವ ಮಾತಿಗೂ ಬೆಲೆ ಬರುತ್ತದೆ.

ಪರ್ಮಿಷನ್ ಬಗ್ಗೆ ಒಂದು ಮಾತು. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಪ್ರಕಾರ ಸ್ವಂತ ಕಾಂಪೌಂಡಿನ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್, ಸರ್ವೆ ಇಂಥ ಕೆಲವಕ್ಕೆ ವಿನಾಯಿತಿ ಇದೆ. ಇದು ಎಷ್ಟೋ ಮನೆಯವರಿಗೆ ಗೊತ್ತೇ ಇಲ್ಲ. ಇದನ್ನೇ ಎರಡು ಸಾಲಲ್ಲಿ ಬರೆದು ಹಂಚಿ. "ಪರ್ಮಿಷನ್ ನಾವೇ ಮಾಡಿಸಿಕೊಡ್ತೇವೆ" ಅಂತ ಮಾತ್ರ ಬರೆಯಬೇಡಿ. ಅರ್ಜಿ ಬರೆಯಲು ಸಹಾಯ ಮಾಡುತ್ತೇವೆ ಅನ್ನಿ, ಸಾಕು.

ಆಮೇಲೆ ಫೋಟೋ. ಮೊದಲು–ನಂತರ ಅಂತ ಜೋಡಿ ಫೋಟೋ ಹಾಕುವುದು ಪೇಂಟಿಂಗ್‌ನವರಿಗೆ ಸರಿ. ನಮ್ಮ ಕೆಲಸದಲ್ಲಿ ಅದು ಮೋಸದ ಕಡೆಗೆ ಎಳೆಯುತ್ತದೆ. ಚೆನ್ನಾಗಿ ಸವರಿದ ಮರ ಸವರಿದ ಹಾಗೆ ಕಾಣುವುದೇ ಇಲ್ಲ. ಬೋಳಿಸಿದ ಮರ ಫೋಟೋದಲ್ಲಿ ಭಾರೀ ಕೆಲಸ ಆದ ಹಾಗೆ ಕಾಣುತ್ತದೆ! ನಾನು ಹಾಕುವುದು ಕತ್ತರಿಸಿದ ಗಾಯದ ಫೋಟೋ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಒಂದು ಉಬ್ಬಿದ ಪಟ್ಟಿ ಇರುತ್ತದಲ್ಲ, ಅದನ್ನು ಬಿಟ್ಟು ಅದರ ಹೊರಗೆ ಕೊಯ್ದರೆ ಸುತ್ತಲಿಂದ ಹೊಸ ತೊಗಟೆ ಉರುಳಿಕೊಂಡು ಬರುತ್ತದೆ. ಒಂದೆರಡು ವರ್ಷಕ್ಕೆ ನೋಡಿದರೆ ಥೇಟ್ ಉದ್ದಿನವಡೆ. ನಡುವಿನ ತೂತು ವರ್ಷಾ ವರ್ಷಾ ಸಣ್ಣದಾಗುತ್ತದೆ. ಅದೇ ಗಾಯದ ಮೂರು ವರ್ಷದ ಮೂರು ಫೋಟೋ ನನ್ನ ವಾಟ್ಸಾಪ್ ಬಿಸಿನೆಸ್ ಕ್ಯಾಟಲಾಗ್‌ನಲ್ಲಿದೆ. ಅದನ್ನು ನೋಡಿ "ಇದೇನ್ರೀ ವಡೆ ಫೋಟೋ" ಅಂತ ಕೇಳಿದವರಿದ್ದಾರೆ. ಕೇಳಿದರೆ ಮಾತು ಶುರುವಾಯಿತು ಅಂತ ಲೆಕ್ಕ.

ಬೆಂಗಳೂರಿನ ಮಲ್ಲೇಶ್ವರದಿಂದ, ಕೆಲಸ ಮಾಡಿಸಿದವರು

ನಾನು ಗಿರಾಕಿ ಕಡೆಯಿಂದ ಹೇಳುತ್ತೇನೆ. ನಮ್ಮ ಹಿತ್ತಲಲ್ಲಿ ಹಲಸಿನ ಮರ ಇದೆ, ನಮ್ಮ ಮಾವನವರು ಹಾಕಿದ್ದು. ಕಾಂಪೌಂಡ್ ಗೋಡೆಯಲ್ಲಿ ಬಿರುಕು ಬಂತು. ಒಂದು ಆ್ಯಪ್‌ನಲ್ಲಿ ನಂಬರ್ ಹಾಕಿದೆ. ಅರ್ಧ ಗಂಟೆಯಲ್ಲಿ ಐದು ಜನರ ಫೋನ್. ನನ್ನ ನಂಬರನ್ನು ಐದೂ ಜನಕ್ಕೆ ಮಾರಿದ್ದಾರೆ ಅಂತ ಆಮೇಲೆ ಗೊತ್ತಾಯಿತು. ಐವರೂ ಮರ ನೋಡದೆಯೇ "ಬೇರು ಗೋಡೆ ಒಡೆದಿದೆ, ತೆಗೆಸಿಬಿಡಿ" ಅಂದರು.

ಆರನೆಯವರು ನಮ್ಮ ಹೂವಿನವಳು ಹೇಳಿ ಬಂದವರು. ನೋಡಿ ಹೋಗಲು 300 ರೂಪಾಯಿ ಅಂತ ಮೊದಲೇ ಹೇಳಿದರು. ಬಿರುಕಿನ ಕೆಳಗೆ ಕೈಯಲ್ಲೇ ಮಣ್ಣು ಬಿಡಿಸಿದರು, ಮೊಣಕೈವರೆಗೂ. ಬೇರೇ ಇರಲಿಲ್ಲ. ಪಕ್ಕದ ಮನೆಯವರು ಸಂಪ್ ಅಗೆದಾಗ ಗೋಡೆ ಕೂತಿತ್ತು! ಅವರು ಕೊಂಬೆ ಕೂಡ ಮುಟ್ಟಲಿಲ್ಲ, ಕೈ ತೊಳೆದುಕೊಂಡು 300 ತೆಗೆದುಕೊಂಡು ಹೋದರು. ಇಲ್ಲಿಯವರೆಗೆ ಅವರ ನಂಬರ್ ಏಳು ಮನೆಗೆ ಕೊಟ್ಟಿದ್ದೇನೆ.

ಹಾಗಾಗಿ, ನೋಡಿ ಹೋಗಲು ಒಂದು ಫೀಸ್ ಇಡಿ. ಫ್ರೀ ಅಂತ ಬಂದವರು ಏನಾದರೂ ಕಡಿಯದೆ ಹೋಗುವುದಿಲ್ಲ ಅನ್ನೋದು ನನ್ನ ಅನುಭವ.

ಶಿರಸಿ ಹತ್ತಿರದಿಂದ, ಅಡಿಕೆ ತೋಟ

ನಮ್ಮಲ್ಲಿ ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಯಾವತ್ತೂ ಪ್ರಚಾರ ಮಾಡಿದವನಲ್ಲ. ಒಬ್ಬರ ತೋಟ ಮುಗಿಸಿ ಇಳಿಯುವಾಗಲೇ ಮುಂದಿನ ತೋಟದವರು ಬೇಲಿ ಹತ್ತಿರ ನಿಂತಿರುತ್ತಾರೆ. ಪೇಟೆಯಲ್ಲಿ ಹಾಗಾಗಲ್ಲ, ಪಕ್ಕದ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಗೊತ್ತಿರಲ್ಲ. ಮೈಸೂರಲ್ಲಿರುವ ನನ್ನ ತಮ್ಮನ ಮನೆಗೆ ಒಂದು ಸಲ ಬಾಗಿಲ ಸಂದಿಯಲ್ಲಿ ಚೀಟಿ ಬಂದಿತ್ತು. "ನಾಳೆ 10ರಿಂದ 1ರವರೆಗೆ ಪಕ್ಕದ ಮನೆಯ ಮರದಲ್ಲಿ ಕೆಲಸ ಇದೆ. ಗರಗಸದ ಸದ್ದು ಇರುತ್ತದೆ, ತೊಂದರೆಗೆ ಕ್ಷಮಿಸಿ. ಒಣಹಾಕಿದ ಬಟ್ಟೆ ಒಳಗಿಡಿ." ಕೆಳಗೆ ಹೆಸರು, ಫೋನ್ ನಂಬರ್. ಅದು ಜಾಹೀರಾತಾ, ಮರ್ಯಾದೆಯಾ? ಎರಡೂ. ತಮ್ಮ ಆ ಚೀಟಿಯನ್ನು ಫ್ರಿಜ್ ಮೇಲೆ ಅಂಟಿಸಿಟ್ಟುಕೊಂಡ.

ಹುಬ್ಬಳ್ಳಿಯಿಂದ, ಇದೇ ಧಂಧೆ

ಸಿಟ್ಟು ಮಾಡಿಕೊಳ್ಳಬೇಡ್ರಿ, ಆದರೆ ಇದೆಲ್ಲ ಹೊಟ್ಟೆ ತುಂಬಿದವರ ಮಾತು. ನನ್ನ ಕೈಕೆಳಗೆ ನಾಲ್ಕು ಹುಡುಗರಿದ್ದಾರೆ. ಶನಿವಾರ ಪಗಾರ ಕೊಡಬೇಕು. ಮನೆಯವರೇ "ತಲೆ ಕಡೀರಿ, ಎಲೆ ಕಸ ಸಾಕಾಗಿದೆ" ಅಂದರೆ ನಾನು ಪಾಠ ಮಾಡುತ್ತಾ ಕೂತರೆ ಮುಂದಿನ ಓಣಿಯವನು ಬಂದು ಕಡಿದು ರೊಕ್ಕ ಇಸಕೊಂಡು ಹೋಗುತ್ತಾನೆ. ಮರ ಉಳಿಯಲಿಲ್ಲ, ನನ್ನ ಕೆಲಸವೂ ಉಳಿಯಲಿಲ್ಲ.

ಶಿವಮೊಗ್ಗ, ಹುಬ್ಬಳ್ಳಿಯವರಿಗೆ

ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ತಲೆ ಕಡಿದ ಮರ ವರ್ಷಾ ವರ್ಷಾ ಕೆಲಸ ಕೊಡುತ್ತದೆ, ಆ ಚಿಗುರೆಲ್ಲ ಗಟ್ಟಿ ಹಿಡಿದಿರಲ್ಲ, ಮತ್ತೆ ಸವರಲೇಬೇಕು. ನಾನು ಕಳೆದುಕೊಂಡ ಕೆಲಸಕ್ಕೂ ಲೆಕ್ಕವಿಲ್ಲ. ನನಗೆ ಇಬ್ಬರು ಹುಡುಗರು, ನಿಮಗೆ ನಾಲ್ಕು, ಆ ಭಾರ ನನಗೆ ಅರ್ಥವಾಗುತ್ತದೆ. ಒಂದು ಮಾಡಿ ನೋಡಿ. ಎಲೆ ಕಸದ ಕಿರಿಕಿರಿ ಅಂದವರಿಗೆ ಮೂಲೆಯಲ್ಲಿ ಗೊಬ್ಬರದ ಗುಂಡಿ ತೋಡಿಕೊಡುವುದನ್ನೂ ಕೆಲಸದ ಪಟ್ಟಿಗೆ ಸೇರಿಸಿ. ನಾನು ಅದಕ್ಕೆ ಕೂಲಿ ತೆಗೆದುಕೊಳ್ಳುತ್ತೇನೆ. ಎಲ್ಲರೂ ಒಪ್ಪಲ್ಲ. ಕೆಲವರು ಒಪ್ಪುತ್ತಾರೆ.

ಮೈಸೂರಿನಿಂದ, ನರ್ಸರಿ

ನೀವು ಇರುವುದು ಮೈಸೂರಲ್ಲಿ, ಅದನ್ನು ಮರೆಯಬೇಡಿ. 2025ರ ಏಪ್ರಿಲ್‌ನಲ್ಲಿ ಹೈದರಾಲಿ ರಸ್ತೆಯಲ್ಲಿ 40 ಮರ ಕಡಿದಾಗ ಜನ ಎಷ್ಟು ನೊಂದುಕೊಂಡರು, ನೋಡಿದ್ದೀರಿ. ಅಲ್ಲಿಂದ ಈಚೆಗೆ ಗರಗಸ ಹಿಡಿದು ನಿಂತವರನ್ನು ದಾರಿಹೋಕರೂ ನಿಲ್ಲಿಸಿ ಕೇಳುತ್ತಾರೆ. ಒಳ್ಳೆಯದೇ. ಕೆಲಸ ನಡೆಯುವಾಗ ಗೇಟಿಗೆ (ಮರಕ್ಕಲ್ಲ!) ಒಂದು ಹಲಗೆ ಒರಗಿಸಿಡಿ. "ಇಲ್ಲಿ ಮರ ಕಡಿಯುತ್ತಿಲ್ಲ. ಒಣ ಕೊಂಬೆ ಮಾತ್ರ ತೆಗೆಯುತ್ತಿದ್ದೇವೆ." ಬೈಯಲು ಬಂದವರೇ ನಂಬರ್ ತೆಗೆದುಕೊಂಡು ಹೋಗಲಿ.

ಗೂಗಲ್ ಮ್ಯಾಪ್‌ನಲ್ಲಿ ಬಿಸಿನೆಸ್ ಪ್ರೊಫೈಲ್ ಮಾಡಿ. ಅದು ಫ್ರೀ. ಅಂಗಡಿ ಇಲ್ಲದಿದ್ದರೂ ಆಗುತ್ತದೆ, ಮನೆ ವಿಳಾಸ ಮುಚ್ಚಿಟ್ಟು ಯಾವ ಯಾವ ಏರಿಯಾಗೆ ಹೋಗುತ್ತೀರಿ ಅಂತ ಹಾಕಬಹುದು. ರಿವ್ಯೂ ಬರೆದರೆ ಡಿಸ್ಕೌಂಟ್ ಅಂತ ಹೇಳಬೇಡಿ, ಗೂಗಲ್ ನಿಯಮವೇ ಅದನ್ನು ಒಪ್ಪುವುದಿಲ್ಲ. ಕೆಲಸ ಮುಗಿದ ದಿನ ಕೇಳುವುದಕ್ಕಿಂತ ಒಂದು ಮಳೆಗಾಲ ಕಳೆದ ಮೇಲೆ ಫೋನ್ ಮಾಡಿ "ಮರ ಹೇಗಿದೆ?" ಅಂತ ವಿಚಾರಿಸಿ, ಆಗ ಕೇಳಿ.

ನಮ್ಮಂಥ ನರ್ಸರಿಯವರ ಹತ್ತಿರ ಕಾರ್ಡ್ ಇಡಬಹುದು. ಕಮಿಷನ್ ಕೇಳುವವರಿದ್ದಾರೆ. ಕೊಡುವುದಾದರೆ ಗಿರಾಕಿಗೆ ಹೇಳಿಬಿಡಿ. ದಸರಾ ಹೊತ್ತಿಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಗಿಡದ ಹುಚ್ಚಿರುವವರೆಲ್ಲ ಬರುತ್ತಾರೆ. ಅಲ್ಲಿ ಸುಮ್ನೆ ಓಡಾಡಿದರೂ ನಾಲ್ಕು ಪರಿಚಯ ಆಗುತ್ತದೆ.

ಇನ್ನೊಂದು. ಒಬ್ಬರ ಪಾಂಪ್ಲೆಟ್ ನೋಡಿದೆ, ಮೇಲೆ ಸಾಲುಮರದ ತಿಮ್ಮಕ್ಕನ ಫೋಟೋ, ಕೆಳಗೆ "ಎಲ್ಲ ಬಗೆಯ ಮರ ಕಡಿದುಕೊಡಲಾಗುವುದು". ಆ ಅಜ್ಜಿ 385 ಆಲದ ಗಿಡ ನೆಟ್ಟು ನೀರು ಹೊತ್ತು ಬೆಳೆಸಿದ್ದು ಇದಕ್ಕಾ?

ನಿವೃತ್ತ ಲೈನ್‌ಮನ್, ಊರು ಬೇಡ

ಒಂದೇ ಮಾತು. "ಕರೆಂಟ್ ಲೈನ್ ಪಕ್ಕದ ಕೊಂಬೆ ತೆಗೆಯಲಾಗುವುದು" ಅಂತ ಬರೆಯಬೇಡಿ. ಲೈನ್ ಆಫ್ ಮಾಡಿ ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಕೆಲಸಕ್ಕೆ ಒಪ್ಪಿಗೆ) ಕೊಡುವುದು ವಿದ್ಯುತ್ ಕಂಪನಿಯವರು. ಎಲ್‌ಸಿ ಇಲ್ಲದೆ ಮರ ಹತ್ತಿದವರನ್ನು ಕೆಳಗಿಳಿಸುವ ಕೆಲಸ ನಾನು ಎರಡು ಸಲ ಮಾಡಿದ್ದೇನೆ. "ಲೈನ್ ಹತ್ತಿರ ಇದ್ದರೆ ಮೊದಲು ಅವರಿಗೆ ಫೋನ್ ಮಾಡಿ" ಅಂತ ಬರೆಯಿರಿ.

ಶಿವಮೊಗ್ಗ, ಮತ್ತೊಮ್ಮೆ

ಖಾಲಿ ತಿಂಗಳ ಬಗ್ಗೆ ಹೇಳುವುದು ಬಿಟ್ಟೆ. ಎಲ್ಲರೂ ಏಪ್ರಿಲ್–ಮೇನಲ್ಲೇ ಕರೆಯುತ್ತಾರೆ, ಯಾಕೆಂದರೆ ಆಗ ಭಯ ಇರುತ್ತದೆ. ಮಾವು ಸವರಲು ಸರಿಯಾದ ಸಮಯ ಕಾಯಿ ಇಳಿಸಿದ ಮೇಲೆ. ಎಲೆ ಉದುರಿಸುವ ಮರಗಳಲ್ಲಿ ಬಂದಳಿಕೆ ಹುಡುಕಲು ಎಲೆ ಉದುರುವ ಕಾಲ ಒಳ್ಳೆಯದು. ಬೋಳು ಮರದಲ್ಲಿ ಅದೊಂದೇ ಹಸಿರಾಗಿ ಕೂತಿರುತ್ತದೆ. ಬುಡದ ಸಿಮೆಂಟ್ ಕೆಲಸಕ್ಕೆ ಮಳೆ ಬಿಟ್ಟ ಮೇಲಿನ ದಿನ. ಹಳೇ ಗಿರಾಕಿಗಳಿಗೆ ಆಯಾ ತಿಂಗಳು ಒಂದೇ ಒಂದು ಮೆಸೇಜ್ ಹಾಕಿ, ಅದೂ ಅವರು "ಹಾಕಿ" ಅಂದಿದ್ದರೆ. ಬೆಳಗಿನ ಗುಡ್ ಮಾರ್ನಿಂಗ್ ಹೂವಿನ ಚಿತ್ರ ಬೇಡ.

ಕೇಳಿದವರು, ಹನ್ನೆರಡು ದಿನದ ನಂತರ

ಎಲ್ಲರಿಗೂ ವಂದನೆ. ಬೋರ್ಡ್ ಬೇಡ ಅಂದೆ. ಅಡ್ವಾನ್ಸ್ ವಾಪಸ್ ಕೊಡಲಿಲ್ಲ, ಅದರ ಲೆಕ್ಕಕ್ಕೆ ಚೀಟಿ ಮತ್ತು ಪಾಂಪ್ಲೆಟ್ ಮಾಡಿಕೊಟ್ಟರು. ಹಿಂದಿನ ಪುಟ ಟೈಪ್ ಮಾಡುವಾಗ ಅಂಗಡಿಯ ಹುಡುಗ "ಅಣ್ಣಾ, ಮಾಡಲ್ಲ ಅನ್ನೋದನ್ನೂ ಯಾರಾದ್ರೂ ದುಡ್ಡು ಕೊಟ್ಟು ಪ್ರಿಂಟ್ ಮಾಡಿಸ್ತಾರಾ?" ಅಂತ ನಕ್ಕ. ನಾನು ಬರೆಸಿದ್ದು ಇಷ್ಟು: "ತಲೆ ಕಡಿಯುವುದಿಲ್ಲ. ಗೂಡು ಕೆಡಿಸುವುದಿಲ್ಲ. ಪರ್ಮಿಷನ್ ಇಲ್ಲದೆ ಮರ ತೆಗೆಯುವುದಿಲ್ಲ. ಲೈನ್ ಹತ್ತಿರ ಹತ್ತುವುದಿಲ್ಲ. ನೋಡಿ ಹೇಳಲು 200 ರೂಪಾಯಿ. ಸೌದೆ ನಿಮ್ಮದು."

ನಾಳೆ ಸರಸ್ವತಿಪುರಂನಲ್ಲಿ ಒಂದು ಹೊಂಗೆ ಮರದ ಕೆಲಸ ಇದೆ. ಸಂಜೆ ಅಕ್ಕನ ಮಗ ಅಕ್ಕಪಕ್ಕದ ನಾಲ್ಕು ಮನೆಗೆ ಚೀಟಿ ಹಾಕಿ ಬಂದ. ರಾತ್ರಿ ಎಂಟಕ್ಕೇ ಎದುರು ಮನೆಯವರ ಫೋನ್ ಬಂತು. ಕೆಲಸ ಸಿಕ್ಕಿತು ಅಂತ ಕುಣಿಯುತ್ತಾ ಎತ್ತಿದೆ. ಕಾರು ಎಲ್ಲಿ ನಿಲ್ಲಿಸಲಿ ಅಂತ ಕೇಳಿದರು.