ಹಡಗಿನ ಸಿಬ್ಬಂದಿಗೆ ಬಂದೂಕು ಕೊಡಬೇಕೆ? ಕ್ಯಾಪ್ಟನ್ ಜೊತೆ ಪ್ರಶ್ನೋತ್ತರ

ನಿರ್ವಾಹಕರು: ವ್ಯಾಪಾರಿ ಹಡಗಿನ ಸಿಬ್ಬಂದಿಗೇ ಬಂದೂಕು ಕೊಟ್ಟರೆ ಕಡಲ್ಗಳ್ಳರ ಕಾಟ ತಪ್ಪುತ್ತದೆಯೇ ಎಂದು ವಾರದಿಂದ ಇಲ್ಲಿ ವಾದ ನಡೆದಿದೆ. ಇವತ್ತು ನಮ್ಮ ಕ್ಯಾಪ್ಟನ್ ಉತ್ತರಿಸುತ್ತಾರೆ. ಅವರು ಟ್ಯಾಂಕರ್ ಕಂಪನಿಯೊಂದರ ಭದ್ರತಾ ಅಧಿಕಾರಿ. ಒಬ್ಬರಿಗೆ ಒಂದೇ ಪ್ರಶ್ನೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ಸುರತ್ಕಲ್ ಆಯಿಲರ್: ಸರ್, ನಮ್ಮ ಹಡಗಲ್ಲಿ 22 ಜನ ಇದ್ದೇವೆ. ನಾಲ್ಕು ರೈಫಲ್ ಕೊಟ್ಟು ಒಂದು ವಾರ ಕಲಿಸಿದರೆ ನಾವೇ ನೋಡಿಕೊಳ್ಳಲ್ವಾ? ಹೊರಗಿನ ಗಾರ್ಡುಗಳು ಯಾಕೆ?

ಕ್ಯಾಪ್ಟನ್: ಬೇಡ. ಸಮಯದ ಲೆಕ್ಕ ನೋಡಿ. ಹಡಗು 13 ನಾಟ್ (ಗಂಟೆಗೆ 13 ನಾಟಿಕಲ್ ಮೈಲು, ಸುಮಾರು 24 ಕಿಲೋಮೀಟರ್) ಓಡುತ್ತಿದೆ, ಕಳ್ಳರ ಸಣ್ಣ ದೋಣಿ ಸ್ಕಿಫ್ 25 ನಾಟ್. ಹಿಂದಿನಿಂದ ಬಂದರೆ ನಿಮಿಷಕ್ಕೆ 370 ಮೀಟರ್ ಹತ್ತಿರವಾಗುತ್ತದೆ. ಎರಡು ನಾಟಿಕಲ್ ಮೈಲಿನಲ್ಲಿ ಕಣ್ಣಿಗೆ ಬಿದ್ದರೂ ನಿಮ್ಮ ಕೈಲಿರುವುದು ಹತ್ತು ನಿಮಿಷ. ಅಷ್ಟರಲ್ಲಿ ಅಲಾರಂ ಹೊಡೆಯಬೇಕು, ಎಂಜಿನ್ ಪೂರ್ತಿ ಏರಿಸಬೇಕು, ಗುಪ್ತ ಅಲಾರಂ ಬಟನ್ ಒತ್ತಬೇಕು, ಹಡಗುಗಳ ಕರೆ ತೆಗೆದುಕೊಳ್ಳುವ ಬ್ರಿಟಿಷ್ ನೌಕಾಪಡೆಯ ಕೇಂದ್ರ ಯುಕೆಎಂಟಿಒಗೆ ಫೋನ್ ಮಾಡಬೇಕು, ಎಲ್ಲ ಹಡಗುಗಳೂ ಕೇಳುವ ರೇಡಿಯೊ ಚಾನೆಲ್ 16ರಲ್ಲಿ ಕೂಗಬೇಕು, ಬಾಗಿಲುಗಳನ್ನೆಲ್ಲ ಒಳಗಿಂದ ಭದ್ರ ಮಾಡಬೇಕು. ಕೊನೆಗೆ 22 ಜನರೂ ಸಿಟಾಡೆಲ್ ಒಳಗೆ ಸೇರಿ ತಲೆ ಎಣಿಸಬೇಕು. ಸಿಟಾಡೆಲ್ ಅಂದರೆ ಒಳಗಿಂದ ಚಿಲಕ ಹಾಕಿಕೊಳ್ಳುವ ಭದ್ರ ಕೋಣೆ. ಒಬ್ಬ ಹೊರಗುಳಿದರೂ ನೌಕಾಪಡೆ ಹಡಗಿಗೆ ನುಗ್ಗುವುದಿಲ್ಲ, ಕಳ್ಳರು ಅವನ ತಲೆಗೆ ಬಂದೂಕು ಇಟ್ಟಿರುತ್ತಾರೆ. ನಾಲ್ಕು ಜನ ರೈಫಲ್ ಪೆಟ್ಟಿಗೆಯ ಬೀಗ ತೆಗೆಯಲು ಓಡಿದರೆ ಒಳಗೆ ಎಣಿಕೆಗೆ ಸಿಗುವುದು 18.

ಇನ್ನು ಹಗಲು ರಾತ್ರಿ ಬಂದೂಕು ಹಿಡಿದು ಎಚ್ಚರ ಇರೋರು ಯಾರು? 24 ಗಂಟೆಯಲ್ಲಿ 10 ಗಂಟೆ ವಿಶ್ರಾಂತಿ ಕೊಡಬೇಕೆಂಬ ನಿಯಮವೇ ಈಗ ಕಷ್ಟದಲ್ಲಿ ನಡೆಯುತ್ತಿದೆ. ಗಾರ್ಡುಗಳಾದರೆ ಸಾಮಾನ್ಯವಾಗಿ ನಾಲ್ವರ ತಂಡ, ಪಾಳಿ ಹಾಕಿಕೊಂಡು ಅದೊಂದೇ ಕೆಲಸ ಮಾಡುತ್ತಾರೆ. ಟ್ಯಾಂಕರ್ ಡೆಕ್ಕಿನಲ್ಲಿ ಬೆಂಕಿಕಡ್ಡಿಯನ್ನೇ ಬಿಡದ ನಾವು, ಗಾಬರಿಯಾದ ಮನುಷ್ಯನ ಕೈಗೆ ರೈಫಲ್ ಕೊಟ್ಟು ನಿಲ್ಲಿಸುವುದು ಹೇಗೆ? ಸಿಬ್ಬಂದಿ ಬಂದೂಕು ಇಟ್ಟುಕೊಳ್ಳುವುದು ಬೇಡವೆಂದು ವಿಶ್ವಸಂಸ್ಥೆಯ ಹಡಗು ಸಂಸ್ಥೆ ಐಎಂಒ ಕೂಡ ಖಡಾಖಂಡಿತ ಹೇಳಿದೆ.

ಬೆಂಗಳೂರು ಓದುಗ: ಹಾಗಾದರೆ ಬಂದೂಕು ಬೇಕೋ ಬೇಡವೋ? ಸ್ಪಷ್ಟವಾಗಿ ಹೇಳಿ ಸರ್.

ಕ್ಯಾಪ್ಟನ್: ಸಿಬ್ಬಂದಿಗೆ ಬೇಡ. ಅಪಾಯದ ದಾರಿಯಲ್ಲಿ ತರಬೇತಾದ ಗಾರ್ಡುಗಳಿಗೆ ಬೇಕು.

ಪಣಂಬೂರು ಲಾರಿ ಯೂನಿಯನ್: ಇದು ಎಲ್ಲಾ ಗುಂಪಲ್ಲೂ ಓಡ್ತಾ ಉಂಟು, ನೋಡಿ: "ಹಡಗಿನ ಸುತ್ತ ತಂತಿಗೆ 440 ವೋಲ್ಟ್ ಕೊಡಿ. ಬೆಂಕಿ ಆರಿಸುವ ಪೈಪಿನ ನೀರಿಗೆ ಮೆಣಸಿನ ಪುಡಿ ಸೇರಿಸಿ. ಡೆಕ್ಕಿಗೆ ಎಣ್ಣೆ ಸುರಿಯಿರಿ. ಪ್ಯಾರಾಶೂಟ್ ರಾಕೆಟ್ ಅಡ್ಡ ಹಿಡಿದು ಹೊಡೆಯಿರಿ." ಸರಿಯಾ?

ಕ್ಯಾಪ್ಟನ್: ಫಾರ್ವರ್ಡ್ ಹಾಕಬೇಡಿ ಎಂದು ಮೊದಲೇ ಹೇಳಿತ್ತು. ನಾಲ್ಕೂ ತಪ್ಪು. ಇದನ್ನು ನಂಬಿ ಯಾರಾದರೂ ಸತ್ತಾರು, ಅದಕ್ಕೆ ಬರೆಯುತ್ತೇನೆ. ಒದ್ದೆ ಕಬ್ಬಿಣದ ಡೆಕ್ಕಿನಲ್ಲಿ 440 ವೋಲ್ಟ್ ಮೊದಲು ಹಿಡಿಯುವುದು ಡೆಕ್ಕಿನ ಮೇಸ್ತ್ರಿಯಾದ ನಿಮ್ಮ ಬೋಸನ್‌ನನ್ನು. ಎಣ್ಣೆ, ಗ್ಯಾಸ್ ಹಡಗಿನಲ್ಲಿ ಕಿಡಿ ಹಾರಿದರೆ ಕಡಲ್ಗಳ್ಳರೇ ಬೇಕಾಗಿಲ್ಲ. ಮೆಣಸಿನ ಪುಡಿ ನಾಜಲ್ ಕಟ್ಟಿಸುತ್ತದೆ, ಗಾಳಿ ತಿರುಗಿದರೆ ನಿಮ್ಮದೇ ಕಣ್ಣಿಗೆ. ಎಣ್ಣೆ ಸುರಿದ ಡೆಕ್ಕಿನ ಮೇಲೆ ಸಿಟಾಡೆಲ್‌ಗೆ ಓಡಬೇಕಾದವರು ನೀವು. ಪ್ಯಾರಾಶೂಟ್ ರಾಕೆಟ್ ಇರುವುದು 300 ಮೀಟರ್ ಮೇಲೇರಿ 40 ಸೆಕೆಂಡ್ ಉರಿದು ಸಹಾಯ ಕೇಳುವುದಕ್ಕೆ. ಅಡ್ಡ ಹಿಡಿದರೆ ಅದು ಎತ್ತ ಹೋಗುತ್ತದೆಂದು ಹೇಳಲು ಬರುವುದಿಲ್ಲ.

ಕೆಲಸಕ್ಕೆ ಬರುವುದು ಇದು: ರೇಜರ್ ತಂತಿಯ ದೊಡ್ಡ ಸುರುಳಿ, 730 ಅಥವಾ 980 ಮಿಲಿಮೀಟರ್ ವ್ಯಾಸದ್ದು, ಸಾಧ್ಯವಾದರೆ ಎರಡು ಸಾಲು, ಹಡಗಿನ ಅಂಚಿನಿಂದ ಹೊರಕ್ಕೆ ಚಾಚಿರಬೇಕು. ಅಂಚಿನೊಳಗೆ ಸುತ್ತಿದರೆ ಏಣಿಯ ಕೊಕ್ಕೆ ಅಂಚಿಗೇ ಸಿಕ್ಕಿಕೊಳ್ಳುತ್ತದೆ. ನೀರಿನ ಪೈಪನ್ನು ಕೈಯಲ್ಲಿ ಹಿಡಿದು ನಿಲ್ಲಬೇಡಿ, ಅಂಚಿಗೆ ಬಿಗಿದು ಕಟ್ಟಿ ಬಿಡಿ. ವೇಗ ಏರಿಸಿ. ಚುಕ್ಕಾಣಿಯನ್ನು ಸ್ವಲ್ಪ ಸ್ವಲ್ಪ ಆಚೀಚೆ ಆಡಿಸುತ್ತಿದ್ದರೆ ಪಕ್ಕದಲ್ಲಿ ಅಲೆ ಎದ್ದು ಏಣಿ ನಿಲ್ಲುವುದಿಲ್ಲ. ಪೂರ್ತಿ ತಿರುಗಿಸಿದರೆ ಹಡಗಿನ ವೇಗವೇ ಬಿದ್ದುಹೋಗುತ್ತದೆ.

ಕಾರವಾರ ಸೆಕೆಂಡ್ ಎಂಜಿನಿಯರ್: ಸರ್, ನಮ್ಮಲ್ಲಿ ಎಂಜಿನ್ ಕಂಟ್ರೋಲ್ ರೂಮನ್ನೇ ಸಿಟಾಡೆಲ್ ಮಾಡಿದ್ದಾರೆ. ಸರಿಯೇ?

ಕ್ಯಾಪ್ಟನ್: ಸಿಒ2 ಬಗ್ಗೆ ಎಚ್ಚರ. ಎಂಜಿನ್ ರೂಮಿನ ಬೆಂಕಿ ಆರಿಸುವ ಸಿಒ2 ಬಿಡುವ ಹಿಡಿ ಮೇಲೆ ಹೊರಗಿರುತ್ತದೆ. ಮೇಲಿರುವವನು ಅದನ್ನೆಳೆದರೆ ಎಂಜಿನ್ ರೂಮಿಗೆ ಅಂಟಿಕೊಂಡ ಜಾಗ ಉಸಿರುಗಟ್ಟಿಸುತ್ತದೆ. ಒಳಗೆ ಹೋಗುವ ಮೊದಲು ಆ ವ್ಯವಸ್ಥೆಗೆ ಬೀಗ ಹಾಕುವ ಕೆಲಸ ಒಬ್ಬನ ಹೆಸರಿಗೆ ಬರೆದಿಟ್ಟಿರಬೇಕು. ಇನ್ನೊಂದು, ಸ್ಯಾಟಲೈಟ್ ಫೋನ್. ಸೆಟ್ ಒಳಗಿದ್ದರೆ ಸಾಲದು, ಆಂಟೆನಾದ ಕೇಬಲ್ ಹೊರಗೆ ಹೋಗಿರಬೇಕು, ಕಣ್ಣಿಗೆ ಬೀಳದಂತೆ. ತಿಂಗಳಿಗೊಮ್ಮೆ ಬಾಗಿಲು ಹಾಕಿಕೊಂಡೇ ಕರೆ ಮಾಡಿ ನೋಡಿ. ಬಾಗಿಲು ತೆರೆದಿಟ್ಟು ಮಾಡಿದ ಪರೀಕ್ಷೆ ಪರೀಕ್ಷೆಯಲ್ಲ. ಎಂಜಿನ್ ನಿಲ್ಲಿಸುವ ಹಿಡಿತ ಒಳಗಿರಲಿ. ನೀರು, ಊಟ, ಔಷಧಿ, ಶೌಚಕ್ಕೆ ಬಕೆಟ್, ಟಾರ್ಚ್, ಬದಲಿ ಬ್ಯಾಟರಿ.

2024ರ ಜನವರಿಯಲ್ಲಿ ಲೀಲಾ ನಾರ್ಫೋಕ್ ಹಡಗಿಗೆ ಶಸ್ತ್ರಧಾರಿಗಳು ಹತ್ತಿದಾಗ 21 ಜನರೂ, ಅವರಲ್ಲಿ 15 ಭಾರತೀಯರು, ಸಿಟಾಡೆಲ್ ಸೇರಿಕೊಂಡಿದ್ದರು. ಐಎನ್‌ಎಸ್ ಚೆನ್ನೈನಿಂದ ನೌಕಾಪಡೆಯ ಮಾರ್ಕೋಸ್ ಕಮಾಂಡೊಗಳು ಹತ್ತಿ ಹುಡುಕುವಾಗ ಹಡಗಲ್ಲಿ ಕಳ್ಳರೇ ಇರಲಿಲ್ಲ. ಎಲ್ಲರೂ ಕ್ಷೇಮವಾಗಿ ಹೊರಬಂದರು. ಸಿಬ್ಬಂದಿಯ ಕೈಯಲ್ಲಿ ಬಂದೂಕು ಇರಲಿಲ್ಲ.

ನಿವೃತ್ತ ನೌಕಾಪಡೆ: ಎಲ್ಲಾ ಸಲ ಐಎನ್‌ಎಸ್ ಚೆನ್ನೈ ಹತ್ತಿರ ಇರುವುದಿಲ್ಲ ಕ್ಯಾಪ್ಟನ್. ಅದೇ ವರ್ಷ ಮಾರ್ಚ್ 12ಕ್ಕೆ ಬಾಂಗ್ಲಾದೇಶದ ಅಬ್ದುಲ್ಲಾ ಹಡಗು 23 ಜನರ ಸಮೇತ ಕಳ್ಳರ ಕೈಗೆ ಹೋಯಿತು. ಗಾರ್ಡುಗಳಿರಲಿಲ್ಲ. ಬಿಡುಗಡೆಯಾದದ್ದು ಏಪ್ರಿಲ್ 14ಕ್ಕೆ.

ಸುರತ್ಕಲ್ ಆಯಿಲರ್: ಅದನ್ನೇ ನಾನು ಹೇಳಿದ್ದು! ಗಾರ್ಡಿನ ದುಡ್ಡು ಕಂಪನಿ ಉಳಿಸುತ್ತದೆ, ಸಾಯೋದು ನಾವು. ಹಾಗಾದ್ರೆ ಬಂದೂಕು ನಮ್ಮ ಕೈಗೇ ಕೊಡಲಿ.

ನಿವೃತ್ತ ನೌಕಾಪಡೆ: ನೀವು ಒಂದು ಗುಂಡು ಹಾರಿಸಿದರೆ ಅವರು ಹೆಗಲಿನಿಂದ ಹಾರಿಸುವ ರಾಕೆಟ್, ಆರ್‌ಪಿಜಿಯಿಂದ ಉತ್ತರ ಕೊಡುತ್ತಾರೆ. ಕಳ್ಳರು ಹಿಡಿದಿದ್ದ ಆಸ್ಫಾಲ್ಟ್ ವೆಂಚರ್ ಹಡಗು ನೆನಪಿದೆಯಾ? 2011ರ ಏಪ್ರಿಲ್‌ನಲ್ಲಿ ಹಡಗು ಬಿಟ್ಟರು, ಏಳು ಭಾರತೀಯರನ್ನು ಮಾತ್ರ ಇಟ್ಟುಕೊಂಡರು. ನಮ್ಮ ನೌಕಾಪಡೆ ಹಿಡಿದ ಸೊಮಾಲಿಗಳನ್ನು ಬಿಡಬೇಕು ಅಂತ. ಅವರು ಮನೆಗೆ ಬಂದದ್ದು 2014ರ ಅಕ್ಟೋಬರ್ ನಂತರ.

ಸುರತ್ಕಲ್ ಆಯಿಲರ್: ಅದಕ್ಕೆ ಕಾರಣ ನಿಮ್ಮ ನೌಕಾಪಡೆ, ಆ ಸಿಬ್ಬಂದಿ ಅಲ್ಲ. ಪಿಂಚಣಿ ತಗೊಂಡು ಮನೆಯಲ್ಲಿ ಕೂತವರಿಗೆ ಮಾತಾಡೋದು ಸುಲಭ.

ನಿವೃತ್ತ ನೌಕಾಪಡೆ: ಬಾಯಿಗೆ ಹಿಡಿತ ಇರಲಿ.

ಕ್ಯಾಪ್ಟನ್: ಇಬ್ಬರೂ ನಿಲ್ಲಿಸಿ. ಗಾರ್ಡು ಬೇಡ ಎಂದು ನಾನು ಹೇಳಿಲ್ಲ. 2009ರ ಏಪ್ರಿಲ್‌ನಲ್ಲಿ ಮಾರ್ಸ್ಕ್ ಅಲಬಾಮಾ ಹಡಗಿಗೆ ಕಳ್ಳರು ಹತ್ತಿದರು. ಅದೇ ನವೆಂಬರಿನಲ್ಲಿ ಅದೇ ಹಡಗಿಗೆ ಮತ್ತೆ ಬಂದಾಗ ಗಾರ್ಡುಗಳಿದ್ದರು, ಗುಂಡು ಹಾರಿಸಿದರು, ಕಳ್ಳರು ಹಿಂದೆ ಹೋದರು. ಗಾರ್ಡಿನ ಖರ್ಚು ಕಂಪನಿ ಕೊಡಲೇಬೇಕು. ಅದನ್ನು ಉಳಿಸುವುದಕ್ಕೆ ಸಿಬ್ಬಂದಿಗೆ ಬಂದೂಕು ಹಿಡಿಸಬಾರದು, ನನ್ನ ಮಾತು ಇಷ್ಟೇ.

ಬೆಂಗಳೂರು ಓದುಗ: ಕೆಂಪು ಸಮುದ್ರದಲ್ಲಿ ಯೆಮೆನ್ನಿನ ಹೌಥಿ ಬಂಡುಕೋರರ ವಿರುದ್ಧವಾದರೂ ಬಂದೂಕು?

ಕ್ಯಾಪ್ಟನ್: ಅದು ಕಡಲ್ಗಳ್ಳತನವಲ್ಲ. ಕ್ಷಿಪಣಿಯನ್ನು ರೈಫಲ್ ತಡೆಯುವುದಿಲ್ಲ. 2025ರ ಜುಲೈನಲ್ಲಿ ಮ್ಯಾಜಿಕ್ ಸೀಸ್ ಹಡಗಿನ ಗಾರ್ಡುಗಳು ತಿರುಗಿ ಗುಂಡು ಹಾರಿಸಿದರು. ಹಡಗು ಮುಳುಗಿತು.

ಕುಂದಾಪುರ, ಕೆಡೆಟ್ ತಾಯಿ: ಸರ್, ಮಗನ ಹಡಗು ಲಾಗೋಸ್ ಕಡೆ ಹೋಗುತ್ತಂತೆ. ಅಲ್ಲಿ ಗಾರ್ಡು ಕೊಡುತ್ತಾರಾ? ರಾತ್ರಿ ನಿದ್ದೆ ಬರುವುದಿಲ್ಲ.

ಕ್ಯಾಪ್ಟನ್: ಅಮ್ಮ, ನೈಜೀರಿಯಾದ ನೀರಿನಲ್ಲಿ ವಿದೇಶಿ ಶಸ್ತ್ರಧಾರಿ ಗಾರ್ಡುಗಳಿಗೆ ಅವಕಾಶವಿಲ್ಲ. ಅಲ್ಲಿಯ ನೌಕಾಪಡೆಯವರಿರುವ ಬೆಂಗಾವಲು ದೋಣಿ ಜೊತೆಗೆ ಬರುತ್ತದೆ. ಬಂದರಿನಲ್ಲಿ ಜಾಗ ಸಿಗುವವರೆಗೆ ದಡದಿಂದ ಬಹಳ ದೂರದಲ್ಲೇ ನಿಲ್ಲುತ್ತಾರೆ. ಮಗನಿಗೆ ಎರಡು ವಿಷಯ ಕೇಳಿ: ಸಿಟಾಡೆಲ್‌ಗೆ ಹೋಗುವ ದಾರಿ ಕತ್ತಲಲ್ಲಿ ನಡೆದು ನೋಡಿದ್ದಾನಾ, ರಾತ್ರಿ ಡೆಕ್ಕಿಗೆ ಒಬ್ಬನೇ ಹೋಗುತ್ತಾನಾ. ನೀವು ಮಾಡಬೇಕಾದ್ದೂ ಒಂದಿದೆ. ಹಡಗಿನ ಹೆಸರು, ಎಲ್ಲಿದೆ, ಯಾವಾಗ ಮುಟ್ಟುತ್ತದೆ, ಇದನ್ನು ಸ್ಟೇಟಸ್‌ಗೆ ಹಾಕಬೇಡಿ, ನೆಂಟರ ಗುಂಪಿಗೂ ಬೇಡ.

ಡೆಕ್ ಕೆಡೆಟ್, ಭಟ್ಕಳ: ಸರ್, ಅಪಾಯದ ಜಾಗಕ್ಕೆ ಬರುವುದಿಲ್ಲ ಅಂದರೆ ಕಂಪನಿ ಮುಂದಿನ ಸಲ ಕರೆಯುವುದಿಲ್ಲ ಅಂತಾರೆ. ನಿಜವಾ?

ಮಲ್ಪೆ ಬೋಟಿನವರು: ಕ್ಯಾಪ್ಟನ್ರೇ, ನಮ್ಮದು ಆಳಸಮುದ್ರದ ಬೋಟು. ಬಲೆ ಬಿಟ್ಟಾಗ ದೊಡ್ಡ ಹಡಗು ಅದರ ಮೇಲೇ ಬರುತ್ತದೆ. ಆಗ ನಮ್ಮ ತಂಡೇಲ ಬೋಟನ್ನು ಹಡಗಿನ ಕಡೆಗೆ ಜೋರಾಗಿ ಓಡಿಸಿ ಕೈ ಬೀಸುತ್ತಾನೆ, ದಾರಿ ಬಿಡಲಿ ಅಂತ. ಹಡಗಲ್ಲಿ ಬಂದೂಕು ಇದ್ದರೆ ನಮ್ಮ ಗತಿ ಏನು ಮಾರಾಯ್ರೆ?

ಕ್ಯಾಪ್ಟನ್: ಇವತ್ತಿನ ಪ್ರಶ್ನೆಗಳಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದು. ನಿಮ್ಮ ಹೆದರಿಕೆ ನಿಜ. 2012ರ ಫೆಬ್ರವರಿ 15ರ ಸಂಜೆ ಕೇರಳದ ಕಡಲಿನಲ್ಲಿ ಸೇಂಟ್ ಆಂಟನಿ ಬೋಟಿನ ಇಬ್ಬರು ಮೀನುಗಾರರು ಎನ್ರಿಕಾ ಲೆಕ್ಸಿ ಎಂಬ ಇಟಲಿಯ ಟ್ಯಾಂಕರಿನಿಂದ ಬಂದ ಗುಂಡಿಗೆ ಸತ್ತರು. ದಡದಿಂದ ಸುಮಾರು 20 ನಾಟಿಕಲ್ ಮೈಲು ಅಷ್ಟೇ. ಹಾರಿಸಿದವರು ಇಟಲಿ ನೌಕಾಪಡೆಯ ಸೈನಿಕರು, ತರಬೇತಾದವರು. ಅವರಿಗೇ ಮೀನಿನ ಬೋಟು ಕಳ್ಳರ ದೋಣಿಯಂತೆ ಕಂಡಿತು. ಪ್ರಕರಣ ಅಂತರರಾಷ್ಟ್ರೀಯ ನ್ಯಾಯಮಂಡಳಿವರೆಗೆ ಹೋಗಿ, 10 ಕೋಟಿ ರೂಪಾಯಿ ಪರಿಹಾರ ಕಟ್ಟಿದ ಮೇಲೆ 2021ರ ಜೂನ್‌ನಲ್ಲಿ ನಮ್ಮ ಸುಪ್ರೀಂ ಕೋರ್ಟಿನಲ್ಲಿ ಮುಗಿಯಿತು. ಸೈನಿಕರೇ ತಪ್ಪಿದ ಜಾಗದಲ್ಲಿ ಅಡುಗೆಯವನಿಗೂ ಫಿಟ್ಟರಿಗೂ ರೈಫಲ್ ಕೊಟ್ಟರೆ ಏನಾಗುತ್ತದೆ ಎಂದು ಯೋಚಿಸಿ.

ಆಗ ಹಡಗುಗಳು ನಮ್ಮ ದಡಕ್ಕೆ ಒತ್ತಿಕೊಂಡು ಓಡುತ್ತಿದ್ದದ್ದಕ್ಕೂ ಕಾರಣವಿತ್ತು. ಕಡಲ್ಗಳ್ಳರ ಕಾಟವಿದೆಯೆಂದು ಗುರುತಿಸಿದ್ದ ಹೆಚ್ಚಿನ ಅಪಾಯದ ಪ್ರದೇಶದ ಪೂರ್ವದ ಗಡಿಯನ್ನು 78 ಡಿಗ್ರಿ ರೇಖಾಂಶದವರೆಗೆ ಎಳೆದಿದ್ದರು. ಅಂದರೆ ಮಲ್ಪೆ, ಮಂಗಳೂರಿನ ಎದುರಿನ ಕಡಲೆಲ್ಲ ಅದರೊಳಗೆ. ಭಾರತ ಪಟ್ಟು ಹಿಡಿದ ಮೇಲೆ 2015ರ ಡಿಸೆಂಬರಿನಿಂದ 65 ಡಿಗ್ರಿಗೆ ಹಿಂದೆ ಸರಿಸಿದರು. 2023ರ ಜನವರಿ 1ಕ್ಕೆ ಆ ಪಟ್ಟವನ್ನೇ ತೆಗೆದರು. ಆದರೂ ಗಾರ್ಡುಗಳಿರುವ ಹಡಗು ಈಗಲೂ ನಿಮ್ಮ ಮುಂದೆ ಹಾದುಹೋಗಬಹುದು.

ಬ್ರಿಜ್ಜಿನಿಂದ, ಅಂದರೆ ಹಡಗು ನಡೆಸುವ ಕೋಣೆಯಿಂದ, ನಿಮ್ಮ ಬೋಟು ಹೇಗೆ ಕಾಣುತ್ತದೆ ಕೇಳಿ. ಕಳ್ಳರ ಸ್ಕಿಫ್ ಏಳೆಂಟು ಮೀಟರಿನ ತೆರೆದ ದೋಣಿ. ಔಟ್‌ಬೋರ್ಡ್ ಎಂಜಿನ್, ಐದಾರು ಜನ, ಕೊಕ್ಕೆಯ ಏಣಿ, ಬಲೆ ಇಲ್ಲ. ನಿಮ್ಮದು ಕ್ಯಾಬಿನ್, ವಿಂಚ್ ಇರುವ ಬೋಟು, ಎಂಟು ಹತ್ತು ನಾಟ್. ಬೇರೆ ಬೇರೆ ಅಂತ ನೀವು ಹೇಳುತ್ತೀರಿ. ಆದರೆ ಸೊಮಾಲಿಗಳು ಮೀನಿನ ಬೋಟನ್ನೇ ಹಿಡಿದು, ಸ್ಕಿಫ್ ಹೊತ್ತು ತರುವ ತಾಯಿ ಹಡಗು ಮಾಡಿಕೊಳ್ಳುತ್ತಾರೆ. ಮುಳುಗುವ ಸೂರ್ಯ ಎದುರಿಗಿದ್ದಾಗ ದುರ್ಬೀನಿನಲ್ಲಿ ಕಾಣುವುದು ಒಂದು ಕಪ್ಪು ಆಕಾರ, ಮುಂದೆ ನೊರೆ, ಮೇಲೆ ಆಡುವ ಕೈಗಳು. ಕೈ ಬೀಸುವುದು ಅಲ್ಲಿಂದ ಬೆದರಿಸಿದಂತೆಯೂ ಕಾಣುತ್ತದೆ.

ಅದಕ್ಕೆ ತಂಡೇಲನಿಗೆ ಹೇಳಿ: ಹಡಗಿನ ಹಿಂಬದಿಯ ಓರೆಯಿಂದ ಎಂದೂ ಹೋಗಬಾರದು, ಕಳ್ಳರು ಬರುವುದು ಆ ದಿಕ್ಕಿನಿಂದಲೇ. ಬೋಟು ಬಲೆಯ ಹತ್ತಿರವೇ ಇರಲಿ, ಹಡಗಿನ ಕಡೆಗೆ ಮೂತಿ ಮಾಡಿ ಓಡಿಸಬೇಡಿ. ಹಡಗು ಐದಾರು ಮೈಲಿರುವಾಗಲೇ ಚಾನೆಲ್ 16ರಲ್ಲಿ ಕರೆಯಿರಿ. ಎಐಎಸ್‌ನಲ್ಲಿ (ಹಡಗುಗಳ ಹೆಸರು, ಜಾಗ ತೋರಿಸುವ ಯಂತ್ರ) ಹೆಸರು ಕಂಡರೆ ಹೆಸರು ಹಿಡಿದು, ಇಲ್ಲದಿದ್ದರೆ ಅದರ ಬಣ್ಣ, ಹೋಗುವ ದಿಕ್ಕು ಹೇಳಿ. ಫಿಶಿಂಗ್ ಬೋಟ್, ಬಲೆ ಉತ್ತರಕ್ಕೆ ಎರಡು ಕಿಲೋಮೀಟರ್, ನನ್ನ ದಕ್ಷಿಣಕ್ಕೆ ಹೋಗಿ, ಇಷ್ಟು ಸಾಕು, ಹಿಂದಿಯಲ್ಲಾದರೂ ಹೇಳಿ. ರಾತ್ರಿ ಟ್ರಾಲ್ ಬೋಟಿಗೆ ಹಸಿರಿನ ಕೆಳಗೆ ಬಿಳಿ ದೀಪ, ಬೇರೆ ಬಲೆಯವರಿಗೆ ಕೆಂಪಿನ ಕೆಳಗೆ ಬಿಳಿ. ಆ ಬೇರೆ ಬಲೆ 150 ಮೀಟರಿಗಿಂತ ದೂರ ಚಾಚಿದ್ದರೆ ಬಲೆಯ ದಿಕ್ಕಿಗೆ ಇನ್ನೊಂದು ಬಿಳಿ ದೀಪ. ಮೀನಿಗೆಂದು ಉರಿಸುವ ಪ್ರಖರ ಲೈಟಿನಲ್ಲಿ ಈ ದೀಪಗಳು ಮುಚ್ಚಿಹೋಗುತ್ತವೆ, ಅದನ್ನೂ ನೋಡಿ.

ಹಡಗಿನ ಮೇಲೆ ರೈಫಲ್ ಎತ್ತಿ ತೋರಿಸಿದರೆ ಅದು ಮೊದಲ ಎಚ್ಚರಿಕೆ. ವೇಗ ಇಳಿಸಿ, ಬೋಟಿನ ಪಕ್ಕ ಕಾಣುವಂತೆ ತಿರುಗಿಸಿ ದೂರ ಸರಿಯಿರಿ. ಕೋಲು, ಕೊಕ್ಕೆ ಎತ್ತಬೇಡಿ. ನೀರಿಗೆ ಗುಂಡು ಬಿದ್ದರೆ ಎಲ್ಲರೂ ಡೆಕ್ಕಿಗೆ ಮಲಗಿ. ಆಮೇಲೆ ಹಡಗಿನ ಹಿಂಭಾಗದ ಹೆಸರು, ಐಎಂಒ ಸಂಖ್ಯೆ, ಸಮಯ, ಜಿಪಿಎಸ್ ಬರೆದುಕೊಂಡು ಕೋಸ್ಟ್ ಗಾರ್ಡ್ 1554ಕ್ಕೆ, ಇಲ್ಲವೇ ಕರಾವಳಿ ಕಾವಲು ಪೊಲೀಸರ 1093ಕ್ಕೆ ತಿಳಿಸಿ.

ಕಾರವಾರ ಸೆಕೆಂಡ್ ಎಂಜಿನಿಯರ್: ಬೋಟಿನವರು ಎಐಎಸ್ ಆಫ್ ಮಾಡಿ ದಾರಿಗೆ ಅಡ್ಡ ಬಲೆ ಬಿಟ್ಟು, ಆಮೇಲೆ ಹಡಗಿನದೇ ತಪ್ಪು ಅಂತಾರೆ.

ಮಲ್ಪೆ ಬೋಟಿನವರು: ನಿಮ್ಮ ಹಡಗು ಬಲೆ ಎಳೆದುಕೊಂಡು ಹೋದರೆ ನಿಲ್ಲಿಸಿ ಕೇಳಿದ್ದುಂಟಾ? ಒಂದು ಬಲೆಗೆ ಲಕ್ಷಗಟ್ಟಲೆ ಹಾಕಿದ್ದೇವೆ. ಎಸಿ ರೂಮಿನಲ್ಲಿ ಕೂತು ದಾರಿ ನಮ್ಮದು ಅಂತ ಹೇಳಬೇಡಿ.

ಕಾರವಾರ ಸೆಕೆಂಡ್ ಎಂಜಿನಿಯರ್: ಎಂಜಿನ್ ರೂಮಲ್ಲಿ 45 ಡಿಗ್ರಿ. ಎಸಿ ಎಲ್ಲಿ ಕಂಡಿರಿ?

ಕ್ಯಾಪ್ಟನ್: ಹಡಗುಗಳ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳಲ್ಲಿ ನಿಯಮ 18ರ ಪ್ರಕಾರ ಬಲೆ ಹಾಕಿರುವ ಬೋಟಿಗೆ ಯಂತ್ರದ ಹಡಗು ದಾರಿ ಬಿಡಬೇಕು. ಬೋಟಿನವರು ಹೇಳಿದ್ದು ಸರಿ. ಎಐಎಸ್ ಆರಿಸುವುದು ತಪ್ಪು, ಎಂಜಿನಿಯರ್ ಹೇಳಿದ್ದೂ ಸರಿ. ಮುಂದಿನ ಪ್ರಶ್ನೆ.

ಪಣಂಬೂರು ಲಾರಿ ಯೂನಿಯನ್: ಸರ್, ಇನ್ನೊಂದು ಬಂದಿದೆ: "ಬಿಸಿ ಡಾಂಬರು ಸುರಿಯಿರಿ..."

ಕ್ಯಾಪ್ಟನ್: ಇದಕ್ಕೆ ಉತ್ತರ ಇಲ್ಲ. ನಿರ್ವಾಹಕರು ಅಳಿಸಿಹಾಕಿ.

ಸುರತ್ಕಲ್ ಆಯಿಲರ್: ಹಾಗಾದರೆ ನಮ್ಮ ಬಂದೂಕನ್ನು ಕ್ಯಾಪ್ಟನ್ ಕ್ಯಾಬಿನ್ನಿನಲ್ಲಿ ಬೀಗ ಹಾಕಿ ಇಟ್ಟರೆ?

ಕ್ಯಾಪ್ಟನ್: ಬೇಡ. ಮೂರನೇ ಸಲ ಹೇಳುತ್ತಿದ್ದೇನೆ. ಬಂದರಿಗೆ ಬಂದಾಗ ಆ ದೇಶದ ಕಾನೂನು ಇರುತ್ತದೆ. ಸೀಮನ್ ಗಾರ್ಡ್ ಒಹಾಯೊ ಹಡಗಿನ 35 ಜನ 2013ರ ಅಕ್ಟೋಬರಿನಲ್ಲಿ ತೂತುಕುಡಿ ಹತ್ತಿರ ಬಂದೂಕುಗಳ ಜೊತೆ ಸಿಕ್ಕಿಬಿದ್ದರು. ಐದು ವರ್ಷ ಶಿಕ್ಷೆಯಾಯಿತು. ಮದ್ರಾಸ್ ಹೈಕೋರ್ಟ್ ಬಿಡುಗಡೆ ಮಾಡಿದ್ದು 2017ರ ನವೆಂಬರಿನಲ್ಲಿ. ಕಾವಲಿನ ಕಂಪನಿಗೇ ಹೀಗಾದರೆ ಆಯಿಲರ್ ಪರವಾಗಿ ಕೋರ್ಟಿಗೆ ಯಾರು ಬರುತ್ತಾರೆ?

ಡೆಕ್ ಕೆಡೆಟ್, ಭಟ್ಕಳ: ಸರ್, ನನ್ನ ಪ್ರಶ್ನೆ ಮೇಲೆ ಉಳಿದಿದೆ.

ಮಲ್ಪೆ ಬೋಟಿನವರು: ಕ್ಯಾಪ್ಟನ್ರೇ, ಒಂದೇ ಒಂದು. ನಮ್ಮಲ್ಲಿರುವ ರೇಡಿಯೊ ಕೈಯಲ್ಲಿ ಹಿಡಿಯುವ ವಿಎಚ್‌ಎಫ್. ಐದಾರು ಮೈಲಿಗೆ ಹಡಗಿಗೆ ಕೇಳಿಸುತ್ತದಾ?

ಕ್ಯಾಪ್ಟನ್: ಅದು 5 ವಾಟ್, ಡೆಕ್ಕಿನಲ್ಲಿ ನಿಂತು ಮಾತಾಡಿದರೆ ಐದು ಮೈಲು ಮುಟ್ಟುವುದೇ ಹೆಚ್ಚು. ಕ್ಯಾಬಿನ್ನಿಗೆ 25 ವಾಟಿನ ಸೆಟ್ ಹಾಕಿಸಿ, ಆಂಟೆನಾ ನಾಲ್ಕು ಮೀಟರ್ ಎತ್ತರಕ್ಕೆ ಕಟ್ಟಿ. ಹಡಗಿನ ಆಂಟೆನಾ 30 ಮೀಟರಿನಲ್ಲಿದ್ದರೆ ಸುಮಾರು 15 ಮೈಲಿಗೆ ಸಿಗುತ್ತದೆ. ಕೇಬಲ್ ಜೋಡಣೆಗೆ ಉಪ್ಪುನೀರು ಹೋಗದಂತೆ ಟೇಪ್ ಸುತ್ತಿಸಿ, ಹೆಚ್ಚಿನ ಸೆಟ್ ಕೆಡುವುದು ಅಲ್ಲೇ.