ರ‍್ಯಾಪ್ ಹಾಡುವವರಿಗೆ ಬೀಟ್ ಮಾಡುವವರು ಒಬ್ಬರೇ ಇರಬೇಕೇ?

ಪ್ರಶ್ನೆ (ಶಿರಸಿ)

ನನ್ನ ತಮ್ಮ ಮೂರು ವರ್ಷಗಳಿಂದ ಕನ್ನಡದಲ್ಲಿ ರ‍್ಯಾಪ್ ಬರೆದು ಹಾಡುತ್ತಿದ್ದಾನೆ. ಆರು ಹಾಡುಗಳಿಗೆ ಆರು ಕಡೆಯಿಂದ ಆನ್‌ಲೈನಿನಲ್ಲಿ ಬೀಟ್ (ಹಾಡಿನ ಹಿನ್ನೆಲೆ ಸಂಗೀತ) ಕೊಂಡಿದ್ದಾನೆ. ಕಳೆದ ತಿಂಗಳು ಒಂದು ಹಾಡಿನ ಮೇಲೆ ಯೂಟ್ಯೂಬಿನಲ್ಲಿ ಹಕ್ಕಿನ ತಕರಾರು ಬಂತು. ವಿಚಾರಿಸಿದರೆ ಅದೇ ಬೀಟನ್ನು ಇನ್ನೊಬ್ಬರಿಗೂ ಮಾರಿದ್ದರು. ಹನುಮಾನ್‌ಕೈಂಡ್ ಎಂಬ ರ‍್ಯಾಪ್ ಗಾಯಕರ ‘ಬಿಗ್ ಡಾಗ್ಸ್’ ಹಾಡಿನ ವಿಡಿಯೊದಲ್ಲಿ ನಮ್ಮ ಮಾರಿಕಾಂಬಾ ಜಾತ್ರೆಯಲ್ಲಿ ಕಾಣುವಂಥದೇ ಸಾವಿನ ಬಾವಿಯನ್ನು (ಗೋಡೆಯ ಮೇಲೆ ಬೈಕ್, ಕಾರು ಓಡಿಸುವ ಆಟ) ನೋಡಿದ ದಿನದಿಂದ, ತನಗೂ ಅಂಥ ಒಂದು ಹಾಡು ಸಿಕ್ಕರೆ ಸಾಕು ಎನ್ನುತ್ತಿದ್ದಾನೆ. ಅವರಿಗೆ ಹೆಸರು ಬಂದದ್ದು ಆ ಒಂದೇ ಹಾಡಿನಿಂದಲೇ? ಮುಂದಿನ ಹಾಡಿಗೆ ಅಂಕೋಲೆಯ ಕಡೆಯ ಗುಮಟೆ ಎಂಬ ವಾದ್ಯವನ್ನು ಬಳಸುವ ಆಸೆಯೂ ಅವನಿಗಿದೆ.

ಉತ್ತರ (ಕಾರವಾರ)

ಹೆಸರು ಜಗತ್ತಿಗೆ ಮುಟ್ಟಿದ್ದು ಆ ಹಾಡಿನಿಂದ ನಿಜ. 2024ರ ಜುಲೈನಲ್ಲಿ ಬಂದ ಅದು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 23ನೇ ಸ್ಥಾನದವರೆಗೆ ಏರಿತು. ಆದರೆ ಕೇರಳದಲ್ಲಿ ಹುಟ್ಟಿ, ಹ್ಯೂಸ್ಟನ್ನಿನಲ್ಲಿ ಬೆಳೆದು, ಬೆಂಗಳೂರಿನಲ್ಲಿ ನೆಲೆ ಕಂಡುಕೊಂಡ ಸೂರಜ್ ಚೆರುಕಾಟ್ (ಹನುಮಾನ್‌ಕೈಂಡ್ ಅವರ ನಿಜ ಹೆಸರು) ಅವರ ಮೊದಲ ಇಪಿ (ಕೆಲವೇ ಹಾಡುಗಳ ಚಿಕ್ಕ ಆಲ್ಬಂ) ‘ಕಳರಿ’ ಬಂದದ್ದು 2019ರಲ್ಲಿ. ‘ಬಿಗ್ ಡಾಗ್ಸ್’ಗೆ ಬೀಟ್ ಮಾಡಿದ ಹೈದರಾಬಾದಿನ ಕಲ್ಮಿ ಅವರೊಡನೆ ಆ ಹಾಡಿಗೂ ಮೊದಲೇ ‘ಗೆಂಘಿಸ್’ ಎಂಬ ಹಾಡು ಮಾಡಿದ್ದರು. ಹಾಡುವವರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಸಾಲಿನ ಕೆಳಗೆ ಬೀಟ್ ಸುಮ್ಮನಿರಬೇಕು ಎಂಬುದು ಹೀಗೆ ಜೊತೆಗೆ ಕೂತು ಕೆಲಸ ಮಾಡಿದವರಿಗೆ ತಿಳಿಯುವಷ್ಟು, ಬೀಟನ್ನು ಮಾರಿ ಕೈತೊಳೆದುಕೊಂಡವರಿಗೆ ತಿಳಿಯುವುದಿಲ್ಲ. 2025ರ ‘ರನ್ ಇಟ್ ಅಪ್’ ಕೂಡ ಇದೇ ಜೋಡಿಯದು; ಅದರಲ್ಲಿ ಕೇರಳದ ಚೆಂಡೆಯನ್ನು (ನಮ್ಮ ಬಡಗುತಿಟ್ಟು ಯಕ್ಷಗಾನದ ಚಂಡೆಯಲ್ಲ) ಹಾಡಿನ ಬೆನ್ನೆಲುಬಾಗಿಯೇ ಬಳಸಿದ್ದಾರೆ. ‘ಬಿಗ್ ಡಾಗ್ಸ್’ನ ರೀಮಿಕ್ಸಿಗೆ ಅಮೆರಿಕದ ಹೆಸರಾಂತ ರ‍್ಯಾಪ್ ಗಾಯಕ ಏಸಾಪ್ ರಾಕಿ ದನಿಗೂಡಿಸಿದ್ದು ಹಾಡು ಗೆದ್ದ ಮೇಲೆ. ದೊಡ್ಡ ಹೆಸರನ್ನು ಮೊದಲೇ ಹುಡುಕಿಕೊಂಡು ಹೋಗುವ ಹುಡುಗರಿಗೆ ಈ ಕ್ರಮವನ್ನು ತೋರಿಸಬೇಕು.

ಉತ್ತರ (ಅಂಕೋಲಾ)

ಗುಮಟೆಯ ಬಗ್ಗೆ ಎರಡು ಮಾತು. ಇದು ಎರಡು ಬಾಯಿಯ ಮಣ್ಣಿನ ಮಡಕೆ. ದೊಡ್ಡ ಬಾಯಿಗೆ ಚರ್ಮ ಬಿಗಿದಿರುತ್ತದೆ. ಚಿಕ್ಕ ಬಾಯಿಯನ್ನು ಎಡಗೈಯಿಂದ ಮುಚ್ಚಿ ತೆರೆಯುತ್ತ ನುಡಿಸುವುದರಿಂದ ಆ ‘ಗುಂ’ ಎಂಬ ನಾದ ಹುಟ್ಟುತ್ತದೆ. ಸುಗ್ಗಿಯ ಗದ್ದಲದಲ್ಲಿ ಮೊಬೈಲ್ ಹಿಡಿದು ರೆಕಾರ್ಡ್ ಮಾಡಿದರೆ ಚರ್ಮದ ಪೆಟ್ಟು ಮಾತ್ರ ಸಿಕ್ಕಿ, ನಾದವೆಲ್ಲ ಕಳೆದುಹೋಗುತ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಚಿಕ್ಕ ಬಾಯಿಯ ಬಳಿ ಒಂದು, ಚರ್ಮದ ಕಡೆ ಒಂದು ಮೈಕ್ ಇಡಿ. ಬೀಟಿನ ಬೇಸ್ ಅದೇ ಕೆಳದನಿಯಲ್ಲಿದ್ದರೆ ಗುಮಟೆ ಕೇಳಿಸುವುದೇ ಇಲ್ಲ. ಆದ್ದರಿಂದ ಗುಮಟೆಯನ್ನು ಮೊದಲು ಹಿಡಿದಿಟ್ಟು, ಬೇಸನ್ನು ಆಮೇಲೆ ಕಟ್ಟಬೇಕು. ಕೊಂಡ ಬೀಟಿನಲ್ಲಿ ಇದು ಆಗುವ ಮಾತಲ್ಲ.

ಇನ್ನು ಹಕ್ಕಿನ ವಿಷಯ. ಅಗ್ಗದ ಲೀಸ್ ಬೀಟನ್ನು (ಹಕ್ಕು ಕೊಡದೆ ಬಳಸಲು ಮಾತ್ರ ಕೊಡುವ ಬೀಟು) ಎಷ್ಟು ಜನರಿಗೆ ಬೇಕಾದರೂ ಮಾರಬಹುದು. ತಕರಾರಿನ ಮೂಲ ಅಲ್ಲಿದೆ. ನಮ್ಮ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಬರವಣಿಗೆಯಲ್ಲಿ, ಸಹಿಯೊಡನೆ ಇರಬೇಕು. ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ. ಗುಮಟೆ ನುಡಿಸುವ ಹಾಲಕ್ಕಿ ಸಮುದಾಯದ ಹಿರಿಯರಿಗೂ ಕಲಾವಿದರಾಗಿ ಹಕ್ಕಿದೆ, ಅದು 50 ವರ್ಷದ್ದು. ‘ಜನಪದವಲ್ಲವೇ, ಎಲ್ಲರದ್ದು’ ಎಂಬ ಮಾತು ಹಾಡಿಗೆ ಒಪ್ಪೀತು, ಅದನ್ನು ಆ ದಿನ ನುಡಿಸಿದ ಕೈಗಲ್ಲ. ಅವರ ಒಪ್ಪಿಗೆ ಪಡೆದು, ಹಣ ಕೊಟ್ಟು, ಹಾಡಿನ ವಿವರದಲ್ಲಿ ಅವರ ಹೆಸರು ಹಾಕಿ.

ಪ್ರಶ್ನೆ ಕೇಳಿದವರು (ಶಿರಸಿ)

ಇಬ್ಬರಿಗೂ ಧನ್ಯವಾದಗಳು. ತಮ್ಮನಿಗೆ ಓದಿ ಹೇಳಿದೆ. ಹುಬ್ಬಳ್ಳಿಯಲ್ಲಿ ಬೀಟ್ ಮಾಡುವ ಗೆಳೆಯನೊಬ್ಬ ಅವನಿಗಿದ್ದಾನೆ. ಆದರೆ ಗೆಳೆತನದಲ್ಲಿ ಪಾಲಿನ ಮಾತು ಎತ್ತುವುದು ಹೇಗೆ ಎಂದು ಸಂಕೋಚಪಡುತ್ತಾನೆ.

ಉತ್ತರ (ಕಾರವಾರ)

ಹಾಡು ಹೊರಬರುವ ಮೊದಲೇ ಎತ್ತಲಿ. ಸಾಹಿತ್ಯ ಯಾರದು, ಸಂಗೀತ ಯಾರದು, ಯಾರಿಗೆ ನೂರಕ್ಕೆ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಲಿ. ಹಾಡಿನಿಂದ ನಾಲ್ಕು ಕಾಸು ಬರತೊಡಗಿದ ಮೇಲೆ ಇದೇ ಮಾತನ್ನು ಎತ್ತುವುದು ಇನ್ನೂ ಕಷ್ಟ.